ಕಿಲಿಮಾನಿಯ ಕಂಬದಮ್ಮ

ದೇವರಿಗೆ ಏರಿಸಿದ ಹೂವು ಬಾಡಿದೆ, ಕಸದ ಬುಟ್ಟಿಗೆ ಹಾಕಲು ಕೈ ಬರುವುದಿಲ್ಲ, ಬೇರೆಲ್ಲಿ ಹಾಕುವುದೋ ತಿಳಿಯುವುದಿಲ್ಲ. ಹೀಗೆ ಹೂವಿನ ಡಬ್ಬಿ ಹಿಡಿದು ನಿಮ್ಮ ಮನೆಯಲ್ಲೇ ನೀವು ಕಳ್ಳರಂತೆ ಓಡಾಡಿದ್ದೀರಾ? ಊರಿನಲ್ಲಾದರೆ ಯಾವುದಾದರೂ ಗಿಡದ ಬುಡ ಸಿಗುತ್ತದೆ. ನಾನಿರುವುದು ನೈರೋಬಿಯ ಕಿಲಿಮಾನಿ ಬಡಾವಣೆಯಲ್ಲಿ, ಐದನೆಯ ಮಹಡಿಯ ಫ್ಲ್ಯಾಟಿನಲ್ಲಿ, ಒಬ್ಬಳೇ. ಬ್ಯಾಂಕಿನವರು ಕಳಿಸಿದ್ದಾರೆ. ಯಜಮಾನರು ಮೈಸೂರಿನ ಕಾಲೇಜೊಂದರಲ್ಲಿ ಪಾಠ ಮಾಡಿಕೊಂಡು ಅಲ್ಲೇ ಇದ್ದಾರೆ. ಇಲ್ಲಿ ಹೂವಿಗೆ ಬರವಿಲ್ಲ. ಸಿಗ್ನಲ್ಲಿನಲ್ಲಿ ಕಾರು ನಿಂತರೆ ಗುಲಾಬಿ ಕಿಟಕಿಯವರೆಗೆ ಬರುತ್ತದೆ. ಬರ ಇರುವುದು ಮಾತಿಗೆ. ಐವತ್ತು ದಾಟಿದ ಹೆಂಗಸು ಒಂಟಿಯಾಗಿದ್ದರೆ ಭಾನುವಾರ ತನ್ನ ದನಿ ಇದೆಯೋ ಇಲ್ಲವೋ ಎಂದು ನೋಡಿಕೊಳ್ಳಲು ಕುಕ್ಕರಿಗೆ ಬೈಯಬೇಕಾಗುತ್ತದೆ. ನಾನು ಬೈದಿದ್ದೇನೆ.

ನಮ್ಮ ಕಟ್ಟಡದ ಮಾಲೀಕರು ಯಾವಾಗಲೋ ಗ್ರೀಸಿಗೆ ಹೋಗಿಬಂದವರಿರಬೇಕು. ಮುಂಬಾಗಿಲಿನಲ್ಲಿ ದಪ್ಪ ಗೀರುಗಳ ಕಂಬಗಳು, ಮೇಲೆ ತ್ರಿಕೋನದ ಮಾಡು, ಮಾಡಿನ ಅಂಚಿಗೆ ಮಳೆನೀರು ಉಗುಳುವ ಸಿಂಹದ ಬಾಯಿ. ಇಷ್ಟು ಸಾಲದೆಂದು ಛಾವಣಿಯನ್ನು ತಲೆಯ ಮೇಲೆ ಹೊತ್ತ ನಾಲ್ಕು ಸಿಮೆಂಟಿನ ಹೆಂಗಸರು. ಇಡೀ ಆವರಣದಲ್ಲಿ ಮಣ್ಣು ಕಾಣುವುದು ಎರಡನೆಯವಳ ಕಾಲ ಬುಡದಲ್ಲಿ ಮಾತ್ರ. ದಿನಾ ಬೆಳಿಗ್ಗೆ ಆಫೀಸಿಗೆ ಹೊರಟಾಗ ಬಾಡಿದ ಹೂವನ್ನು ಅಲ್ಲಿ ಸುರಿಯುತ್ತಿದ್ದೆ. ಹೂವು ಸುರಿದ ಮೇಲೆ ಕೈ ತಾನಾಗಿ ಕಣ್ಣಿಗೆ ಹೋಗುತ್ತಿತ್ತು. ಅಭ್ಯಾಸ, ಏನು ಮಾಡುವುದು.

ಇದನ್ನು ಮೊದಲು ಕಂಡವಳು ಎರಡನೆಯ ಮಹಡಿಯ ನ್ಜೆರಿ. ನನ್ನ ವಯಸ್ಸಿನವಳೇ, ಮನೆ ಕಟ್ಟುವವರಿಗೆ ನಕ್ಷೆ ಹಾಕಿಕೊಡುವ ಆರ್ಕಿಟೆಕ್ಟ್. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ. ನಿಮಗಾಗಿ ಕನ್ನಡಕ್ಕೆ ಇಳಿಸುತ್ತಿದ್ದೇನೆ.

"ಇವಳು ಯಾರು ಅಂತ ಗೊತ್ತಾ ನಿಮಗೆ?" ಎಂದಳು.

"ಗೊತ್ತಿಲ್ಲ. ಯಾಕೆ, ಪರಿಚಯ ಮಾಡಿಸ್ತೀರಾ?"

ಮಾಡಿಸಿದಳು. ಅಥೆನ್ಸಿನ ಬೆಟ್ಟದ ಮೇಲೆ ಒಂದು ಹಳೆಯ ದೇವಸ್ಥಾನವಿದೆಯಂತೆ, ಅಲ್ಲಿ ಒಂದು ಕಡೆ ಕಂಬದ ಬದಲು ಹೆಂಗಸರನ್ನೇ ನಿಲ್ಲಿಸಿದ್ದಾರಂತೆ. "ಹಿಂದೆ ದಪ್ಪ ಜಡೆ ನೋಡಿ. ಚೆಂದಕ್ಕಲ್ಲ ಅದು. ಕುತ್ತಿಗೆ ಸಣ್ಣ, ಭಾರಕ್ಕೆ ಮುರೀಬಾರ್ದು ಅಂತ ಆಸರೆ. ನಿಮ್ಮ ಈ ಫ್ರೆಂಡ್ ಮಾತ್ರ ಬರೀ ಪೊಳ್ಳು. ಭಾರ ಎಲ್ಲ ಹಿಂದಿನ ಬೀಮ್ ಮೇಲಿದೆ, ಇವಳು ಹೊತ್ತ ಹಾಗೆ ಮುಖ ಮಾಡ್ಕೊಂಡು ನಿಂತಿದ್ದಾಳೆ."

"ಅಂಥವರು ನಮ್ಮ ಬ್ಯಾಂಕಲ್ಲೂ ಇದ್ದಾರೆ" ಎಂದೆ. ಅವಳು ನಕ್ಕಳು. ಈ ಊರಿಗೆ ಬಂದ ಮೇಲೆ ನನ್ನ ಮಾತಿಗೆ ಒಬ್ಬರು ನಕ್ಕಿದ್ದು ಅದೇ ಮೊದಲು.

ಅಂದಿನಿಂದ ಬೆಳಿಗ್ಗೆ ನಾನು ಹೂವು ಸುರಿಯುವ ಹೊತ್ತಿಗೆ ಅವಳು ಕಾರಿನ ಬೀಗದ ಕೈ ಆಡಿಸುತ್ತಾ ಬಂದು ನಿಲ್ಲುತ್ತಿದ್ದಳು. ಗ್ರೀಕರ ಕಂಬ ನಡುವೆ ಒಂಚೂರು ಉಬ್ಬಿರುತ್ತದೆಯಂತೆ, ಇಲ್ಲದಿದ್ದರೆ ಸೊರಗಿದಂತೆ ಕಾಣುತ್ತದೆಯಂತೆ. ನನ್ನ ನಡುವಿಗೂ ಅದೇ ಕಾರಣ ಎಂದೆ. ಅವರ ದೇವಸ್ಥಾನಗಳೆಲ್ಲ ಬಿಳಿ ಎಂದುಕೊಂಡಿದ್ದೆ. ಆ ಕಾಲದಲ್ಲಿ ಕೆಂಪು, ನೀಲಿ ಬಣ್ಣ ಬಳಿದಿದ್ದರಂತೆ. ನಾನು ಬಿಡುತ್ತೇನೆಯೇ? ಫೋನಿನಲ್ಲಿ ಬೇಲೂರಿನ ಮದನಿಕೆಯರನ್ನು ತೋರಿಸಿದೆ. "ನೋಡಿ, ನಮ್ಮವರು ಸುಮ್ನೆ ನಿಲ್ಲಲ್ಲ. ಒಬ್ಬಳು ಕನ್ನಡಿ ನೋಡ್ತಾಳೆ, ಒಬ್ಬಳು ಕುಣೀತಾಳೆ."

"ತಲೆ ಮೇಲೆ ಛಾವಣಿ ಭಾರ ಇಲ್ವಲ್ಲ, ಅದಕ್ಕೆ ಮೇಕಪ್‌ಗೆ ಟೈಮ್ ಇದೆ" ಎಂದಳು ನ್ಜೆರಿ. ದಿನದ ಆ ಐದು ನಿಮಿಷದ ಮಾತಿಗಾಗಿ ನಾನು ಅರ್ಧ ಗಂಟೆ ಮೊದಲೇ ಸೀರೆ ಉಟ್ಟು ಕೂರತೊಡಗಿದೆ. ಹೂವು ಬಾಡದಿದ್ದರೂ ತೆಗೆದುಕೊಂಡು ಇಳಿಯುತ್ತಿದ್ದೆ. ದೇವರು ಕ್ಷಮಿಸಲಿ.

ಒಂದು ಶನಿವಾರ ಕಟ್ಟಡದ ವಾಟ್ಸ್ಯಾಪ್ ಗುಂಪಿನಲ್ಲಿ ಮೇಲ್ವಿಚಾರಕರು ಫೋಟೋ ಹಾಕಿದರು: ಪ್ರತಿಮೆಯ ಕಾಲು, ಕೊಳೆತ ಗುಲಾಬಿ, ಇರುವೆ ಸಾಲು. "ಇಲ್ಲಿ ಕಸ ಹಾಕುವವರು ಯಾರು?" ಕಸ ಎಂದರಲ್ಲ, ನನಗೆ ರೇಗಿತು. ನಿಜ ಹೇಳಿ ಕ್ಷಮೆ ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಬರೆದೆ: "ಅದು ಕಸವಲ್ಲ. ಆಕೆ ನಮ್ಮ ದೇವತೆ. ಹೆಸರು ಕಂಬದಮ್ಮ."

ಈ ಊರಿನ ಜನ ದೇವರ ವಿಷಯದಲ್ಲಿ ಹಗುರಾಗಿ ಮಾತಾಡುವವರಲ್ಲ. ಒಂದರ ಹಿಂದೆ ಒಂದು ಕೈಮುಗಿದ ಚಿತ್ರಗಳು ಬಂದವು. ಮೇಲ್ವಿಚಾರಕರು ಕ್ಷಮೆ ಕೇಳಿದರು. ಸಂಜೆಗೆಲ್ಲ ಯಾರೂ ತುಳಿಯದಂತೆ ಕಂಬದಮ್ಮನ ಸುತ್ತ ಹಗ್ಗ ಕಟ್ಟಿದ್ದರು.

ರಾತ್ರಿ ಯಜಮಾನರಿಗೆ ಫೋನ್ ಮಾಡಿದೆ. "ಹೆಸರೇನೋ ಚೆನ್ನಾಗಿದೆ. ನಾಳೆ ಹೋಗಿ ನಿಜ ಹೇಳ್ಬಿಡೇ" ಎಂದರು.

"ಹೇಗ್ರೀ ಹೇಳ್ಲಿ? ವಾಚ್‌ಮನ್ ಟೋಪಿ ತೆಗೆದು ನಿಲ್ತಿದ್ದಾನೆ."

"ಹಾಗಾದ್ರೆ ಮಂಗಳಾರತಿ ಶುರು ಮಾಡು" ಎಂದು ಫೋನ್ ಇಟ್ಟರು.

ಎಲ್ಲರಿಗೂ ಬೇಡ, ನ್ಜೆರಿಗೊಬ್ಬಳಿಗಾದರೂ ಹೇಳೋಣ, ಇಬ್ಬರೂ ನಗೋಣ ಎಂದುಕೊಂಡು ಸೋಮವಾರ ಇಳಿದೆ. ಅವಳು ಬಂದಳು. ಬಂದವಳು ದೂರದಲ್ಲೇ ನಿಂತು ಷೂ ಕಳಚಿ ಕೈಯಲ್ಲಿ ಹಿಡಿದುಕೊಂಡಳು.

"ಪೋಲೆ ಸಾನಾ" ಎಂದಳು. ಸ್ವಾಹಿಲಿಯಲ್ಲಿ, ತುಂಬ ತಪ್ಪಾಯಿತು ಎಂದು. "ನಿಮ್ಮ ದೇವರು ಅಂತ ನನಗೆ ಗೊತ್ತಿರ್ಲಿಲ್ಲ. ಪೊಳ್ಳು ಅಂದುಬಿಟ್ಟೆ. ನೀವು ಬೇಜಾರೂ ಮಾಡ್ಕೊಳ್ಳಲಿಲ್ಲ, ದೊಡ್ಡ ಮನಸ್ಸು."

"ಅಯ್ಯೋ ನ್ಜೆರಿ, ಅದು ಹಾಗಲ್ಲ, ನಾನು..."

"ಬೇಡ, ಬೇಡ. ಪ್ರಾರ್ಥನೆ ಮುಗಿಸಿ. ನಾನು ಅಡ್ಡ ಬರಲ್ಲ."

ವಾಚ್‌ಮನ್ ನೋಡುತ್ತಿದ್ದ. ಲಿಫ್ಟಿನಿಂದ ಇಳಿದ ಇನ್ನಿಬ್ಬರು ತಲೆ ತಗ್ಗಿಸಿ ನಿಂತರು. ನಾನೇನು ಮಾಡಲಿ? ಕಣ್ಣು ಮುಚ್ಚಿದೆ. ಬೇಗ ತೆರೆದರೆ ಭಕ್ತಿ ಸಾಲದು ಎಂದಾರು ಎಂದು ಸ್ವಲ್ಪ ಹೊತ್ತು ಹೆಚ್ಚೇ ಮುಚ್ಚಿದೆ. ತೆರೆದಾಗ ನ್ಜೆರಿಯ ಕಾರು ಗೇಟು ದಾಟುತ್ತಿತ್ತು.

ಈಗ ಅವಳು ಹಿಂದಿನ ಬಾಗಿಲಿನಿಂದ ಓಡಾಡುತ್ತಾಳೆ, ನನ್ನ ಪೂಜೆಗೆ ತೊಂದರೆಯಾಗಬಾರದಲ್ಲ. ಸಿಕ್ಕಾಗ ಬಗ್ಗಿ ನಮಸ್ಕರಿಸುತ್ತಾಳೆ. ನಾನೂ ಗಂಭೀರವಾಗಿ ತಲೆಯಾಡಿಸುತ್ತೇನೆ. ಕಟ್ಟಡದಲ್ಲಿ ನನಗಿರುವಷ್ಟು ಮರ್ಯಾದೆ ಇನ್ಯಾರಿಗೂ ಇಲ್ಲ, ಮಾತಾಡಿಸುವವರು ಒಬ್ಬರೂ ಇಲ್ಲ. ಅವಳ ಮನೆಯ ಬೆಲ್ಲಿನ ತನಕ ಎರಡು ಸಲ ಬೆರಳು ಚಾಚಿ ವಾಪಸು ಬಂದಿದ್ದೇನೆ. ಬ್ಯಾಂಕಿನಲ್ಲಿ ಇನ್ನೊಬ್ಬರ ಸುಳ್ಳು ಲೆಕ್ಕ ಹಿಡಿಯುವುದೇ ನನ್ನ ಉದ್ಯೋಗ, ಹೇಳಿಕೊಳ್ಳುವುದಕ್ಕೂ ನಾಚಿಕೆ.

ಪರಊರಿನಲ್ಲಿ ಮಾತಿಗೆ ಸಿಕ್ಕ ಒಬ್ಬರನ್ನು ಸ್ವಂತ ಬಾಯಿಂದಲೇ ದೂರ ಮಾಡಿಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಆಮೇಲೆ ಅವರನ್ನು ಹೇಗೆ ವಾಪಸು ಕರೆದಿರಿ ಎಂಬುದನ್ನು ಕೆಳಗೆ ಬರೆಯಿರಿ. ಬರೀ ಲೈಕ್ ಒತ್ತಿ ಹೋಗಬೇಡಿ. ಎರಡು ಮಾತು ಬರೆಯಿರಿ, ಬೈದರೂ ಪರವಾಗಿಲ್ಲ.