ಕರವಸ್ತ್ರ ಹಾಸಿದ ಸೀಟು

ಎಲ್ಲಕ್ಕೂ ಕಾರಣ ಆ ಕಿಟಕಿ ಪಕ್ಕದ ಸೀಟು.

ಇಪ್ಪತ್ತೆರಡು ವರ್ಷ ಬಸ್ಸಿನಲ್ಲೇ ಬದುಕಿದ ಮನುಷ್ಯ ಒಂದು ದಿನವೂ ಕಿಟಕಿ ಪಕ್ಕ ಕೂತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಆದರೆ ನಮ್ಮ ಕಂಡಕ್ಟರ್ ನಿಜಕ್ಕೂ ಕೂತಿರಲಿಲ್ಲ. ಅವನದೇನಿದ್ದರೂ ನಿಂತ ಪ್ರಯಾಣ. ಊರಿನ ಜನವೆಲ್ಲ ಕಿಟಕಿಗೆ ತಲೆಯೊರಗಿಸಿ, ಬಾಯಿ ಅರ್ಧ ತೆರೆದು, ಗಾಳಿಗೆ ಕೂದಲು ಬಿಟ್ಟು ನಿದ್ದೆ ಹೊಡೆಯುವುದನ್ನು ನೋಡಿ ನೋಡಿ, ಅವರವರ ಸ್ಟಾಪಿನಲ್ಲಿ ಭುಜ ತಟ್ಟಿ ಎಬ್ಬಿಸಿ ಎಬ್ಬಿಸಿ, ಅವನಿಗೆ ಆ ನಿದ್ದೆಯ ಮೇಲೇ ಒಂದು ಮೋಹ ಹುಟ್ಟಿತ್ತು. ಅಂಥ ನಿದ್ದೆ ಹಾಸಿಗೆಯಲ್ಲಿ ಬರುವುದಿಲ್ಲ ಎಂದು ಅವನು ಗಟ್ಟಿಯಾಗಿ ನಂಬಿದ್ದ.

ಕೆಲಸ ಅವನ ಮೈಗೇ ಅಂಟಿಕೊಂಡಿತ್ತು. ಮನೆಗೆ ನೆಂಟರು ಬಂದರೆ, "ಬನ್ನಿ, ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಜಾಗ ಇದೆ" ಎನ್ನುತ್ತಿದ್ದ. ಬೀರುವಿನ ಬಾಗಿಲು ಹಾಕಿದ ಮೇಲೆ ಅಂಗೈಯಿಂದ ಎರಡು ಸಲ ದಬದಬ ತಟ್ಟದೆ ಅಲ್ಲಿಂದ ಕದಲುತ್ತಿರಲಿಲ್ಲ. ಗದ್ದಲದಲ್ಲಿ ಬಾಯಿಮಾತು ಕೇಳದಿದ್ದಾಗ ಬಸ್ಸಿನ ತಗಡಿಗೆ ಎರಡು ಏಟು ಕೊಟ್ಟರೆ ಹೊರಡು ಎಂದು ಅರ್ಥ, ಒಂದು ಏಟು ಕೊಟ್ಟರೆ ನಿಲ್ಲು ಎಂದು. "ರೀ, ಅದು ಬೀರು. ಎಷ್ಟು ತಟ್ಟಿದ್ರೂ ಎಲ್ಲಿಗೂ ಹೋಗಲ್ಲ" ಎಂದು ಹೆಂಡತಿ ಹೇಳಿ ಹೇಳಿ ಸೋತಿದ್ದಳು.

ಅಂತೂ ಮೂರು ದಿನದ ರಜೆ ಸಿಕ್ಕಿತು. ಹೆಂಡತಿ, ಎಂಟು ವರ್ಷದ ಮಗಳು ಪುಟ್ಟಿ, ಜೊತೆಗೆ ಹೆಂಡತಿಯ ತಮ್ಮ. ಈ ಭಾವಮೈದುನ ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವವನು. ರಸ್ತೆಗೂ ನಕ್ಷೆಗೂ ತಾಳೆಯಾಗದಿದ್ದರೆ ತಪ್ಪು ರಸ್ತೆಯದೇ ಎನ್ನುವ ಪೈಕಿ. ಮೂರು ಪಾರ್ಕುಗಳು ಒಂದೇ ಉದ್ದನೆಯ ರಸ್ತೆಯ ಮೇಲಿದ್ದವು: ಈ ತುದಿಗೆ ನೀರಿನ ಪಾರ್ಕು, ನಡುವೆ ಕಾಡಿನ ಪಾರ್ಕು, ಆ ತುದಿಗೆ ಆಕಾಶದ ಪಾರ್ಕು. ಮೂರರ ನಡುವೆ ಪಾರ್ಕಿನವರದೇ ಹಳದಿ ಬಸ್ಸುಗಳು ದಿನವಿಡೀ ಹೋಗಿ ಬಂದು ಮಾಡುತ್ತಿದ್ದವು. ಟಿಕೆಟ್ಟಿಲ್ಲ, ಕಂಡಕ್ಟರಿಲ್ಲ. ಯಾರು ಬೇಕಾದರೂ ಹತ್ತಬಹುದು, ಎಲ್ಲಿ ಬೇಕಾದರೂ ಕೂರಬಹುದು. ಇದನ್ನು ಕೇಳಿದಾಗ ನಮ್ಮವನಿಗೆ ಸ್ವರ್ಗದ ಬಾಗಿಲು ತೆರೆದಂತಾಯಿತು.

ಪುಟ್ಟಿಗೆ ಬೇಕಾಗಿದ್ದು ಒಂದೇ ಒಂದು. ಆಕಾಶದ ಪಾರ್ಕಿನ ಜೈಂಟ್ ವೀಲು ಸಂಜೆ ಆರೂವರೆಗೆ ದಿನದ ಕೊನೆಯ ಸುತ್ತು ಹೊರಡುತ್ತದೆ. ತೊಟ್ಟಿಲು ನೆತ್ತಿಗೇರುವ ಹೊತ್ತಿಗೆ ಸೂರ್ಯ ಮುಳುಗಿ, ಮೂರೂ ಪಾರ್ಕುಗಳ ದೀಪಗಳು ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಮಾರನೆಯ ಬೆಳಿಗ್ಗೆ ಊರಿಗೆ ವಾಪಸು. ನೋಡಿದರೆ ಇವತ್ತೇ ನೋಡಬೇಕು.

"ಅಪ್ಪ, ಮೇಲೆ ಹೋದಾಗ ನೀನು ನನ್ನ ಪಕ್ಕ ಕೂತಿರ್ಬೇಕು" ಎಂದಿದ್ದಳು ಅವಳು. "ನಿಂತ್ಕೋಬಾರ್ದು. ಕೂತಿರ್ಬೇಕು."

ಅವಳು ಹುಟ್ಟಿದಾಗಿನಿಂದ ಅಪ್ಪ ತನ್ನ ಪಕ್ಕ ಕೂತು ಎಲ್ಲಿಗೂ ಹೋದದ್ದಿಲ್ಲ ಎಂಬುದು ಅವನಿಗೆ ಆಗಲೇ ಹೊಳೆದದ್ದು. "ಕೂತೇ ಇರ್ತೀನಿ ಪುಟ್ಟಿ, ಮಾತು ಅಂದ್ರೆ ಮಾತು" ಎಂದ.

ಮಧ್ಯಾಹ್ನ ನಾಲ್ಕಕ್ಕೆ ನೀರಿನ ಪಾರ್ಕಿನಿಂದ ಹೊರಬಂದರು. ಹೆಂಡತಿ ಮಗಳ ಒದ್ದೆ ತಲೆ ಒರೆಸುತ್ತ ನಿಂತಳು. ಭಾವಮೈದುನ ಕಂಡಕ್ಟರನ ಫೋನು ಇಸಕೊಂಡು ಕಾರಂಜಿಯ ಫೋಟೋ ತೆಗೆಯುತ್ತಿದ್ದ. ಹಳದಿ ಬಸ್ಸು ಬಂದು ನಿಂತಿತು.

"ನೀವು ನಿಧಾನಕ್ಕೆ ಬನ್ನಿ, ನಾನು ಸೀಟು ಹಿಡಿದಿರ್ತೀನಿ" ಎಂದು ಕಂಡಕ್ಟರ್ ತನ್ನ ಹಳೆಯ ಚರ್ಮದ ಬ್ಯಾಗು ಹೆಗಲಿಗೇರಿಸಿ ಹತ್ತಿಬಿಟ್ಟ. ಎಲ್ಲರ ಪಾರ್ಕಿನ ಪಾಸುಗಳೂ ಆ ಬ್ಯಾಗಿನಲ್ಲೇ ಇದ್ದವು. ರಜೆಗೂ ಅದನ್ನು ತರಬೇಕಾ ಎಂದು ಹೆಂಡತಿ ಗೊಣಗಿದ್ದಳು. ಹೆಗಲು ಖಾಲಿಯಿದ್ದರೆ ಒಂದು ಕಡೆಗೆ ವಾಲುತ್ತೇನೆ ಎಂದು ಅವನು ಸಮಜಾಯಿಷಿ ಕೊಟ್ಟಿದ್ದ. ಒಳಗೆ ಹೋಗಿ ಮೂರು ಸೀಟಿನ ಮೇಲೆ ಮೂರು ಕರವಸ್ತ್ರ ಹಾಸಿದ. ನಾಲ್ಕನೆಯದು ಕಿಟಕಿ ಪಕ್ಕದ್ದು. ಅದರ ಮೇಲೆ ತಾನೇ ಕೂತ.

ಅಯ್ಯೋ, ಆ ಸೀಟಿನ ಸುಖವೇ! ಕಿಟಕಿಯಾಚೆ ಯಾರೋ ಮಗು ಸಾಬೂನಿನ ಗುಳ್ಳೆ ಊದುತ್ತಿತ್ತು. ಒಂದೊಂದು ಗುಳ್ಳೆಯೂ ಬಿಸಿಲನ್ನು ಹೊತ್ತುಕೊಂಡು ಮೆಲ್ಲಗೆ ಮೇಲೇರಿ ಮಾಯವಾಗುತ್ತಿತ್ತು. ಗಾಜು ಬೆಚ್ಚಗಿತ್ತು. ಇಂಜಿನ್ನು ಸುಮ್ಮನೆ ಗುರುಗುಟ್ಟುತ್ತಿತ್ತು. ಒಂದೇ ನಿಮಿಷ ಎಂದುಕೊಂಡು ಅವನು ತಲೆಯೊರಗಿಸಿದ.

ಕನಸಿನಲ್ಲಿ ಅವನ ಬಸ್ಸು ಕೆರೆಯ ಮೇಲೆ ತೇಲುತ್ತಿತ್ತು. ಪ್ರಯಾಣಿಕರೆಲ್ಲ ಸೊಂಟಕ್ಕೆ ಗಾಳಿ ತುಂಬಿದ ಟ್ಯೂಬು ಹಾಕಿಕೊಂಡೇ ಕೂತಿದ್ದರು. ಹಿಂದಿನ ಸೀಟಿನ ಡಾಲ್ಫಿನ್ನು ಬಹಳ ಮರ್ಯಾದೆಯಿಂದ, "ಮುಂದಿನ ಸ್ಟಾಪಲ್ಲಿ ಇಳಿಸಿಬಿಡಿ ಸ್ವಾಮಿ" ಎಂದಿತು. ಅದನ್ನು ಕೈಹಿಡಿದು ಇಳಿಸಿ, ನೀರಿನತ್ತ ಒಮ್ಮೆ ಇಣುಕಿ, ಕಂಡಕ್ಟರ್ ತುಂಬು ಗಂಟಲಿನಲ್ಲಿ ಕೂಗಿದ:

"ರೈಟ್! ರೈಟ್!"

ಕಣ್ಣು ಬಿಟ್ಟಾಗ ಆಚೆ ಕಾರಂಜಿಯಿಲ್ಲ, ಗುಳ್ಳೆಯಿಲ್ಲ, ಬರೀ ಮರಗಳು. ಮರದ ಮೇಲೆ ಸಿಮೆಂಟಿನ ಕೋತಿ. ಪಕ್ಕದಲ್ಲಿ ಮೂರು ಖಾಲಿ ಸೀಟುಗಳ ಮೇಲೆ ಮೂರು ಕರವಸ್ತ್ರಗಳು ತಣ್ಣಗೆ ಮಲಗಿದ್ದವು.

"ಡ್ರೈವರಣ್ಣಾ! ನನ್ನ ಹೆಂಡ್ತಿ ಮಗಳು ಹತ್ತೋಕೆ ಮುಂಚೆನೇ ಯಾಕೆ ಹೊರಟ್ರಿ?"

ಡ್ರೈವರು ತಲೆ ನರೆತ ಮನುಷ್ಯ. ನಿಧಾನವಾಗಿ ಹಿಂತಿರುಗಿ ನೋಡಿದ. "ಒಳ್ಳೆ ಕತೆ! ರೈಟ್ ಅಂದಿದ್ದು ನೀವೇ ಅಲ್ವಾ?"

"ಅದು ನಿದ್ದೇಲಿ!"

"ನಿದ್ದೇಲೋ ಎಚ್ಚರದಲ್ಲೋ ನನಗೇನು ಗೊತ್ತು? ಮೂವತ್ತು ವರ್ಷ ಲೈನ್ ಬಸ್ ಓಡಿಸಿದೀನಿ. ಹಿಂದಿಂದ ರೈಟ್ ಅಂದ್ರೆ ಹೋಗ್ತಾ ಇರ್ಬೇಕು. ಯಾಕೆ ಏನು ಅಂತ ತಿರುಗಿ ಕೇಳೋನು ಡ್ರೈವರೇ ಅಲ್ಲ." ಆಮೇಲೆ ದನಿ ತಗ್ಗಿಸಿ ಹೇಳಿದ, "ಇಲ್ಲಿಗೆ ಬಂದು ಎರಡು ವರ್ಷ ಆಯ್ತು. ಒಬ್ಬರೂ ರೈಟ್ ಅಂದಿರ್ಲಿಲ್ಲ. ಕಿವಿಗೆ ಎಷ್ಟು ಹಿತವಾಯ್ತು ಅಂತೀರಿ!"

ಹಾಗೆಂದವನ ಮೇಲೆ ಸಿಟ್ಟು ಮಾಡುವುದು ಹೇಗೆ? ಕಂಡಕ್ಟರ್ ಡ್ರೈವರನ ಫೋನನ್ನೇ ಕೇಳಿ ಇಸಕೊಂಡ. ಆಮೇಲೆ ಗೊತ್ತಾಯಿತು, ತಲೆಯಲ್ಲಿರುವ ನಂಬರು ಒಂದೇ: ದೂರುಗಳಿದ್ದರೆ ಕರೆ ಮಾಡಿ ಎಂದು ಬಸ್ಸಿನ ಹಿಂಬದಿಗೆ ಬರೆದಿರುತ್ತಾರಲ್ಲ, ಡಿಪೋದ ಆ ನಂಬರು.

"ಏನಯ್ಯಾ, ರಜೆ ಹಾಕಿ ಹೋಗಿ ನಿನ್ನ ಮೇಲೆ ನೀನೇ ದೂರು ಕೊಡ್ತಿದೀಯಾ?" ಎಂದು ಡಿಪೋದ ಗುಮಾಸ್ತ ಹೊಟ್ಟೆ ಹಿಡಿದು ನಕ್ಕ. ನಕ್ಕು ಮುಗಿಸಿ, ರಜೆ ಅರ್ಜಿಯಲ್ಲಿ ಬರೆದಿದ್ದ ನಂಬರು ಓದಿ ಹೇಳಿದ. ಅದು ಕಂಡಕ್ಟರನ ಸ್ವಂತ ಫೋನಿನದೇ. ಅದೃಷ್ಟಕ್ಕೆ ಅದು ಭಾವಮೈದುನನ ಕೈಯಲ್ಲಿತ್ತು.

"ನೀವು ಅಲ್ಲೇ ಇರಿ, ನಾನೇ ಬರ್ತೀನಿ!" ಎಂದ ಕಂಡಕ್ಟರ್.

"ಭಾವ, ನಕ್ಷೆ ಪ್ರಕಾರ ನಾವು ಮುಂದಕ್ಕೆ ಬರೋದೇ ಸರಿ. ನೀವು ಅಲ್ಲೇ ಇರಿ, ನಾವೇ ಬರ್ತೀವಿ!" ಎಂದ ಭಾವಮೈದುನ.

ಇಬ್ಬರೂ ಒಟ್ಟಿಗೇ ಹೇಳಿದರು. ಆಮೇಲೆ ಫೋನು ಸತ್ತುಹೋಯಿತು. ಕಾರಂಜಿಯ ಫೋಟೋ ನೂರಾ ನಲವತ್ತು ತೆಗೆದರೆ ಇನ್ನೇನಾಗುತ್ತದೆ?

ಕಂಡಕ್ಟರ್ ಕಾಡಿನ ಪಾರ್ಕಿನಲ್ಲಿ ಇಳಿದು, ನೀರಿನ ಪಾರ್ಕಿಗೆ ಹೋಗುವ ಬಸ್ಸು ಹತ್ತಿದ. ಕೆರೆಯ ತಿರುವಿನಲ್ಲಿ ಎದುರಿನಿಂದ ಇನ್ನೊಂದು ಹಳದಿ ಬಸ್ಸು ಬಂತು. ದಾರಿ ಕಿರಿದು, ಎರಡೂ ಬಸ್ಸು ಮೈಗೆ ಮೈ ಸವರಿಕೊಂಡು ತೆವಳಿದವು. ಎದುರಿನ ಕಿಟಕಿಯಲ್ಲಿ ಪುಟ್ಟಿ ಇದ್ದಳು. ಕೈ ಚಾಚಿದರೆ ಕೆನ್ನೆ ಮುಟ್ಟಬಹುದಿತ್ತು. ಒದ್ದೆ ಕೂದಲಿನ ತುದಿಯಲ್ಲಿ ಇಳಿಬಿಸಿಲು ಹೊಳೆಯುತ್ತಿತ್ತು. ಅವಳು ನಕ್ಕಳು, ಇವನೂ ನಕ್ಕ. ಅವಳು ಕೈ ಬೀಸಿದಳು, ಇವನೂ ಬೀಸಿದ. ಅದೆಷ್ಟು ಚಂದವಿತ್ತೆಂದರೆ, ಇದು ಆಗಬಾರದ ಕೆಲಸ ಎಂಬುದು ಇಬ್ಬರಿಗೂ ಹೊಳೆಯುವ ಹೊತ್ತಿಗೆ ಬಸ್ಸುಗಳು ದೂರವಾಗಿದ್ದವು.

ನೀರಿನ ಪಾರ್ಕಿನಲ್ಲಿ ಇಳಿದವನೇ ಹಾಗೇ ಮುಂದಕ್ಕೆ ಹೋಗುವ ಬಸ್ಸು ಹತ್ತಿದ. ಗಂಟೆ ಐದೂಕಾಲು. ಈ ಸಲ ಕಿಟಕಿ ಪಕ್ಕದ ಸೀಟು ಖಾಲಿ ಬಿದ್ದು ಕರೆಯುತ್ತಿದ್ದರೂ ಕೂರಲಿಲ್ಲ. ಕಂಬಿ ಹಿಡಿದು ನಿಂತ. ಬ್ಯಾಗು ಹಾಕಿಕೊಂಡು ನಿಂತವನನ್ನು ಜನ ಸುಮ್ಮನೆ ಬಿಡುತ್ತಾರೆಯೇ?

"ಕಂಡಕ್ಟ್ರೇ, ಕಾಡಿನ ಪಾರ್ಕು ಬಂದ್ರೆ ಸ್ವಲ್ಪ ಹೇಳಿ" ಎಂದಳು ಒಬ್ಬ ಅಜ್ಜಿ.

"ನಾನು ಕಂಡಕ್ಟರ್ ಅಲ್ಲಮ್ಮ" ಎಂದ ಅವನು. ಹುಟ್ಟಿದ ಮೇಲೆ ಇಷ್ಟು ದೊಡ್ಡ ಸುಳ್ಳು ಅವನು ಹೇಳಿರಲಿಲ್ಲ. ಕಾಡಿನ ಪಾರ್ಕು ಬಂದಾಗ ಅಜ್ಜಿಯ ಭುಜ ತಟ್ಟಿ, ಚೀಲ ಕೊಟ್ಟು ಇಳಿಸಿದ.

ಸ್ಟಾಪಿನಲ್ಲಿ, ಸಿಮೆಂಟಿನ ಕೋತಿಯ ಕೆಳಗೆ ಮೂವರೂ ನಿಂತಿದ್ದರು. ಪುಟ್ಟಿ ಓಡಿಬಂದು ಅವನ ಬ್ಯಾಗಿನ ಪಟ್ಟಿ ಹಿಡಿದುಕೊಂಡಳು, ಬಿಡಲೇ ಇಲ್ಲ. ಭಾವಮೈದುನ ನಕ್ಷೆಯನ್ನು ಮಡಿಸಿ, "ಇದರಲ್ಲಿ ಕೆರೆ ತಿರುವೇ ಇಲ್ಲ ಭಾವ" ಎಂದು ದೂರಿದ. ಹೆಂಡತಿ ಬಸ್ಸು ಹತ್ತಿದ ಮೇಲೆ ಶುರು ಮಾಡಿದಳು.

"ಅಲ್ರೀ, ಕಟ್ಟಿಕೊಂಡ ಹೆಂಡ್ತೀನ ಬೀದೀಲಿ ಬಿಟ್ಟು ರೈಟ್ ಅಂದ್ರಾ?"

"ಡಾಲ್ಫಿನ್ ಇಳೀತು ಅಂತ..."

"ಯಾವ ಡಾಲ್ಫಿನ್ನೂ ಬೇಡ. ಇವತ್ತು ನಿಮ್ಮ ಬಾಯಿಂದ ಆ ಮಾತು ಬರಕೂಡದು. ಆಣೆ ಮಾಡಿ."

ಕಂಡಕ್ಟರ್ ಬ್ಯಾಗಿನ ಮೇಲೆ ಕೈಯಿಟ್ಟು ಆಣೆ ಮಾಡಿದ. ಸಾಲದೆಂದು ಒಂದು ಕರವಸ್ತ್ರವನ್ನು ಮಡಿಸಿ ಹಲ್ಲಿನ ನಡುವೆ ಕಚ್ಚಿಕೊಂಡ.

ಬಸ್ಸು ಕಿಕ್ಕಿರಿದಿತ್ತು. ಎಲ್ಲರಿಗೂ ಅದೇ ಆರೂವರೆಯ ಸುತ್ತು. ಮೆಟ್ಟಿಲ ಮೇಲೆ ಜನ ಜೋತುಬಿದ್ದಿದ್ದರು, ಬಸ್ಸು ಅಲುಗಲಿಲ್ಲ. ಸ್ಟೀರಿಂಗಿನ ಮುಂದೆ ಅದೇ ನರೆತಲೆಯ ಡ್ರೈವರು, ಕೈಕಟ್ಟಿ ಕೂತಿದ್ದ. ಕಂಡಕ್ಟರನ ಹೊಟ್ಟೆಯಲ್ಲಿ ಆ ಮಾತು ಕುದಿಯುತ್ತಿದ್ದ ಹಾಲಿನಂತೆ ಉಕ್ಕಿ ಗಂಟಲವರೆಗೆ ಬರುತ್ತಿತ್ತು. ಅವನು ಕರವಸ್ತ್ರ ಕಚ್ಚಿ ನುಂಗಿದ. ಬರೀ ಕೈಸನ್ನೆಯಿಂದಲೇ ನಾಲ್ಕು ಜನರನ್ನು ಒಳಗೆ ಸರಿಸಿ, ಇಬ್ಬರನ್ನು ಹಿಂದಕ್ಕೆ ಕಳಿಸಿ, ಬಾಗಿಲು ಹಾಕಿಸಿದ.

"ದಯವಿಟ್ಟು ಈಗ ಹೊರಡಬಹುದು" ಎಂದ ಭಾವಮೈದುನ. ಡ್ರೈವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಆಗ ಪುಟ್ಟಿ ಅಪ್ಪನ ಬ್ಯಾಗಿನ ಪಟ್ಟಿ ಹಿಡಿದೇ, ಅಪ್ಪನದೇ ರಾಗದಲ್ಲಿ, ಕೊನೆಯಲ್ಲಿ ಸ್ವಲ್ಪ ಎಳೆದು ಕೂಗಿದಳು: "ರೈ...ಟ್!"

ಬಸ್ಸು ಹೊರಟಿತು. ಕಂಡಕ್ಟರನ ಕಣ್ಣು ತುಂಬಿ ಬಂತು. ಬಾಯಲ್ಲಿ ಕರವಸ್ತ್ರವಿದ್ದರಿಂದ ಒರೆಸಿಕೊಳ್ಳಲು ಇನ್ನೊಂದನ್ನು ತೆಗೆಯಬೇಕಾಯಿತು.

ಆರು ಇಪ್ಪತ್ತೈದಕ್ಕೆ ಆಕಾಶದ ಪಾರ್ಕು. ಪಾಸು ತೋರಿಸಿ ನಾಲ್ವರೂ ಓಡಿದರು. ಬಾನು ಕಿತ್ತಳೆಯಿಂದ ನೇರಳೆಗೆ ತಿರುಗುತ್ತಿತ್ತು. ಅದರ ಎದುರಿಗೆ ಜೈಂಟ್ ವೀಲು, ತಗಡಿನ ತೊಟ್ಟಿಲುಗಳನ್ನೆಲ್ಲ ಹೊತ್ತು, ತೂಕಡಿಸುತ್ತಿರುವಂತೆ ನಿಂತಿತ್ತು. ಎಲ್ಲೋ ಬ್ಯಾಂಡಿನವರು ಮೆಲ್ಲನೆಯ ರಾಗ ನುಡಿಸುತ್ತಿದ್ದರು. ಕಂಡಕ್ಟರನಿಗೆ ತಾನಿನ್ನೂ ಕನಸಿನಿಂದ ಪೂರ್ತಿ ಇಳಿದಿಲ್ಲವೇನೋ ಎನಿಸಿತು.

ಉಳಿದದ್ದು ಕೊನೆಯ ತೊಟ್ಟಿಲು, ನಾಲ್ಕೇ ಸೀಟು. ವೀಲು ತಿರುಗಿಸುವವನು ಗೂಡಿನಂಥ ಪೆಟ್ಟಿಗೆಯೊಳಗೆ, ಇತ್ತ ಬೆನ್ನು ಹಾಕಿ, ಲಿವರಿನ ಮೇಲೆ ಕೈಯಿಟ್ಟು ಕೂತಿದ್ದ. ಜನರನ್ನು ಹತ್ತಿಸುವ ಹೆಂಗಸು, ಬಲೂನಿನ ಗೊಂಚಲು ಸಮೇತ ಹತ್ತಿದ್ದವನೊಬ್ಬನ ಜೊತೆ ಪಕ್ಕದ ತೊಟ್ಟಿಲ ಬಳಿ ಜಗಳಕ್ಕೆ ನಿಂತಿದ್ದಳು. "ನೀವೇ ಹತ್ತಿ ಕೂತ್ಕೊಳ್ರೀ, ಬಂದೆ" ಎಂದು ಅಲ್ಲಿಂದಲೇ ಕೂಗಿದಳು.

ಮೊದಲು ಹೆಂಡತಿ ಹತ್ತಿದಳು. ಭಾವಮೈದುನ ಹತ್ತಿದ. ಪುಟ್ಟಿಯನ್ನು ಕಂಡಕ್ಟರೇ ಎತ್ತಿ ಕೂರಿಸಿದ. ಅವಳು ಅಪ್ಪನ ಬಾಯಿಂದ ಕರವಸ್ತ್ರ ಕಿತ್ತುಕೊಂಡು ಬಿಡಿಸಿ, ತನ್ನ ಪಕ್ಕದ ಸೀಟಿನ ಮೇಲೆ ನೀಟಾಗಿ ಹಾಸಿದಳು. "ಇದು ಅಪ್ಪಂದು. ಮಾಮ, ನೀನು ಕೂರ್ಬೇಡ."

"ರೀ, ಬೇಗ ಬನ್ನಿ" ಎಂದಳು ಹೆಂಡತಿ.

"ಬಂದೆ, ಬಂದೆ."

ಕಂಡಕ್ಟರ್ ಯಾವಾಗಲೂ ಕೊನೆಗೇ ಹತ್ತುವವನು. ಅವನು ಒಳಗೆ ಇಣುಕಿ ನೋಡಿದ. ಕೈಕಾಲು ಒಳಗಿವೆಯೇ? ಇವೆ. ಸೆರಗು ಸಿಕ್ಕಿಕೊಂಡಿಲ್ಲವಷ್ಟೇ? ಇಲ್ಲ. ಬಾಗಿಲು ಎಳೆದ. ಚಿಲಕ ಬಿಗಿಯಾಗಿತ್ತು, ಒತ್ತಿ ಕೂರಿಸಿದ. ಎಳೆದು ನೋಡಿದ, ಭದ್ರವಾಗಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದು ಕುಣಿಯಿತು. ಆದರೆ ಆಣೆ ಎಂದರೆ ಆಣೆ. ತುಟಿ ಬಿಗಿಹಿಡಿದ. ಗೆದ್ದೆ ಎಂದುಕೊಂಡ. ಆ ಹೆಮ್ಮೆಯಲ್ಲಿ ಅಂಗೈ ಎತ್ತಿ, ತೊಟ್ಟಿಲ ತಗಡಿಗೆ ಎರಡು ಏಟು ಕೊಟ್ಟ.

ದಬ್, ದಬ್.

ಪೆಟ್ಟಿಗೆಯೊಳಗಿನವನು ತಿರುಗಿ ನೋಡದೆ ಲಿವರು ಎಳೆದ. ಆ ಹೆಂಗಸೂ ದಿನಾ ಹೀಗೇ ತಟ್ಟುತ್ತಿದ್ದಳೆಂದು ಕಾಣುತ್ತದೆ.

ತೊಟ್ಟಿಲು ನೆಲ ಬಿಟ್ಟಿತು.

"ಅಪ್ಪಾ! ನಿನ್ನ ಸೀಟು!"

ಹೊರಟ ಬಸ್ಸನ್ನು ನಾಲ್ಕು ಹೆಜ್ಜೆ ಓಡಿ ಹತ್ತುವುದು ಅವನಿಗೆ ನೀರು ಕುಡಿದಷ್ಟು ಸುಲಭ. ನಾಲ್ಕು ಹೆಜ್ಜೆ ಓಡಿಯೂ ಓಡಿದ. ಆದರೆ ಈ ಬಸ್ಸು ಮೇಲಕ್ಕೆ ಹೋಗುತ್ತಿತ್ತು. "ಹೋಲ್ಡಾನ್! ಹೋಲ್ಡಾನ್!" ಎಂದು ಗಂಟಲು ಹರಿಯುವಂತೆ ಕೂಗಿದ. ಕೊನೆಯ ಸುತ್ತು ಹೊರಟಿತೆಂದು ಬ್ಯಾಂಡಿನವರು ಜೋರಾಗಿ ಬಾರಿಸತೊಡಗಿದ್ದರು, ಯಾರಿಗೂ ಕೇಳಲಿಲ್ಲ. ನಿಲ್ಲಿಸಲು ತಗಡಿಗೆ ಒಂದೇ ಒಂದು ಏಟು ಸಾಕಿತ್ತು. ತಗಡು ಆಗಲೇ ಎರಡು ಆಳೆತ್ತರ ದಾಟಿತ್ತು.

"ಇನ್ನೊಂದು ಸುತ್ತು ಇದೆಯಾಮ್ಮ?" ಎಂದು ಹತ್ತಿಸುವ ಹೆಂಗಸನ್ನು ಕೇಳಿದ.

"ಇದೇ ಕೊನೇದು." ಅವಳು ಅವನ ಕೈಯನ್ನೇ ನೋಡಿದಳು. "ಒಳ್ಳೆ ಪಳಗಿದ ಕೈ ನಿಮ್ದು. ಎಲ್ಲಿ ಕೆಲಸ?"

"ರಜೇಲಿದೀನಿ" ಎಂದ ಕಂಡಕ್ಟರ್.

ಅಷ್ಟರಲ್ಲಿ ಮೂರೂ ಪಾರ್ಕುಗಳ ದೀಪಗಳು ಒಟ್ಟಿಗೇ ಹೊತ್ತಿಕೊಂಡಿರಬೇಕು. ಮೇಲಿನಿಂದ ಜನರೆಲ್ಲ ಒಂದೇ ಉಸಿರಿನಲ್ಲಿ "ಓಹ್" ಎಂದರು. ಕೆಳಗಿದ್ದವನಿಗೆ ಕಂಡದ್ದು ಪೆಟ್ಟಿಗೆಯ ಮೇಲಿನ ಒಂದು ಬಲ್ಬು. ನೆತ್ತಿಯ ತೊಟ್ಟಿಲಿನಿಂದ ಪುಟ್ಟಿ ಕರವಸ್ತ್ರ ಬೀಸುತ್ತಿದ್ದಳು. ಗಾಳಿ ಅದನ್ನು ಅವಳ ಕೈಯಿಂದ ಬಿಡಿಸಿಕೊಂಡಿತು. ಅದು ಅತ್ತಿತ್ತ ತೂಗುತ್ತ, ಯಾವ ಅವಸರವೂ ಇಲ್ಲದೆ ಇಳಿದು ಬಂದು ಅವನ ಬ್ಯಾಗಿನ ಮೇಲೆ ಕೂತಿತು.

ವೀಲಿನ ಬುಡದಲ್ಲಿ ಒಂದು ಕಲ್ಲುಬೆಂಚಿತ್ತು. ಕಂಡಕ್ಟರ್ ಕರವಸ್ತ್ರವನ್ನು ಕೊಡವಿ ಅದರ ಮೇಲೆ ಹಾಸಿದ, ಪುಟ್ಟಿ ಇಳಿದು ಬಂದಾಗ ಕೂರಲು ಜಾಗವಿರಲಿ ಎಂದು. ತಾನು ಮಾತ್ರ ಅದರ ಪಕ್ಕದಲ್ಲಿ, ಕತ್ತು ಮೇಲೆತ್ತಿಕೊಂಡು, ನಿಂತೇ ಇದ್ದ.