ಅವ್ವನ ಎಡಗೆನ್ನೆಯ ಹಸಿರು

ಯಂತ್ರ ಕೆಟ್ಟರೆ ಮನುಷ್ಯ ಸರಿಪಡಿಸುತ್ತಾನೆ, ಮನುಷ್ಯ ಕೆಟ್ಟರೆ ಯಂತ್ರ ಏನೂ ಮಾಡಲಾರದು; ಆದ್ದರಿಂದ ಮನುಷ್ಯನೇ ದೊಡ್ಡವನು. ತಮಿಳುನಾಡಿಗೆ ಸೇರಿದ ತಾಳವಾಡಿಯ ಶಾಲೆಯಲ್ಲಿ ಕನ್ನಡ ಮೇಷ್ಟರಾಗಿದ್ದ ನಾನು, ಪಾಠ ಬೇಗ ಮುಗಿದ ದಿನಗಳಲ್ಲೆಲ್ಲ ಈ ತತ್ತ್ವವನ್ನು ಮಕ್ಕಳಿಗೆ ಬೋಧಿಸುತ್ತಿದ್ದೆ. ಮನೆಯ ಕಂಪ್ಯೂಟರಿಗೆ ಸಾಫ್ಟ್‌ವೇರನ್ನು ಹೊಸದಾಗಿ ಹಾಕಿಸಿದ ಮೇಲೆ ಬೋಧಿಸುವುದನ್ನು ಬಿಟ್ಟೆ.

ಎರಡು ಸಾವಿರದ ಐದೋ ಆರೋ ಇರಬೇಕು. ತಾಳವಾಡಿಗೆ ಬಸ್ಸಿನಲ್ಲಿ ಹೋಗಬೇಕಾದ ನಮ್ಮ ಹಳ್ಳಿಗೆ ಬಂದ ಮೊದಲ ಕಂಪ್ಯೂಟರು ನಮ್ಮದು. ಮಾನಿಟರ್ ಎಂಬುದು ಆಗ ಈಗಿನ ಹಾಗೆ ಗೋಡೆಗೆ ಒರಗುವ ಹಲಗೆಯಲ್ಲ. ಹೊಟ್ಟೆ ತುಂಬಿದ ಎಮ್ಮೆಕರುವಿನಷ್ಟು ದಪ್ಪ, ಇಬ್ಬರು ಹೊರಬೇಕು. ಅದನ್ನು ತರಿಸಿದ್ದು ಪ್ರಶ್ನೆಪತ್ರಿಕೆ ಬರೆಯಲು. ಆದರೆ ಒಂದೇ ವರ್ಷದಲ್ಲಿ ಅದು ನನ್ನ ಕೈತಪ್ಪಿ ಅಪ್ಪನದಾಯಿತು. ಕಾರಣ ಅವ್ವನ ಫೋಟೋ. ಅವ್ವ ಬದುಕಿನಲ್ಲಿ ಒಂದೇ ಒಂದು ಸಲ ಫೋಟೋ ತೆಗೆಸಿಕೊಂಡಿದ್ದಳು, ಅದೂ ಸತ್ಯಮಂಗಲದ ಸ್ಟುಡಿಯೋದಲ್ಲಿ. ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳಲ್ಲೂ ವಾಂತಿ ಮಾಡಿಕೊಂಡು ಇಳಿದವಳು, ಮತ್ತೆ ಅಷ್ಟನ್ನೂ ಹತ್ತಬೇಕಲ್ಲ ಎಂಬ ಚಿಂತೆಯಲ್ಲಿ ಕ್ಯಾಮೆರಾ ನೋಡಿದ್ದಾಳೆ. ಅವಳು ತೀರಿಕೊಂಡ ಮಳೆಗಾಲದಲ್ಲಿ ಗೋಡೆಯ ಫೋಟೋಕ್ಕೆ ನೀರಿಳಿದು ಗಾಜಿಗೆ ಅಂಟಿಕೊಂಡಿತು. ಪುಣ್ಯಕ್ಕೆ ಚಾಮರಾಜನಗರದಲ್ಲಿದ್ದ ನನ್ನ ತಂಗಿ ಅದಕ್ಕೂ ಮುಂಚೆ ಅದನ್ನು ಸ್ಕ್ಯಾನ್ ಮಾಡಿಸಿ ನಮ್ಮ ಕಂಪ್ಯೂಟರಿಗೆ ಹಾಕಿಸಿದ್ದಳು. ಹೀಗಾಗಿ ಲೋಕದಲ್ಲಿ ಅವ್ವನ ಮುಖ ಉಳಿದದ್ದು ನಮ್ಮ ಕಂಪ್ಯೂಟರಿನ ಪರದೆಯ ಮೇಲೆ ಮಾತ್ರ. ಬೆಳಿಗ್ಗೆ ನನ್ನ ಹೆಂಡತಿ ಮಾದೇವಿ ಸ್ವಿಚ್ಚು ಹಾಕುವಳು, ಅಪ್ಪ ಕಾಫಿ ಲೋಟ ಹಿಡಿದು ಎದುರು ಕೂರುವನು. ಕರೆಂಟು ಹೋದರೆ, ಇವತ್ತು ಬೇಗ ಎದ್ದು ಒಲಕ್ಕೆ ಓದ್ಳು ಎಂದು ಲೋಟ ತೊಳೆದಿಡುವನು.

ಇಂಥ ಕಂಪ್ಯೂಟರಿಗೆ ವೈರಸ್ ಬಂತು. ತಾಳವಾಡಿಯ ಬಸ್‌ಸ್ಟ್ಯಾಂಡಿನ ಎದುರು ಟೈಪಿಂಗ್ ಸೆಂಟರ್ ಇಟ್ಟಿದ್ದ ಪಳನಿಸ್ವಾಮಿ, ಸಾಫ್ಟ್‌ವೇರನ್ನು ಪೂರ್ತಿ ಅಳಿಸಿ ಮರಳಿ ಹಾಕಬೇಕು, ಫೋಟೋಕ್ಕೆ ಏನೂ ಆಗುವುದಿಲ್ಲ, ಮಾನಿಟರ್ ಬೇಡ, ಪೆಟ್ಟಿಗೆಯನ್ನಷ್ಟೇ ತನ್ನಿ ಎಂದ. ಆ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಪಕ್ಕದಲ್ಲಿದ್ದ ಮುದುಕಿ ಕಂಬಳಿಯ ಕಡೆ ಮರುಕದಿಂದ ನೋಡಿ, ಜರ ಎಷ್ಟು ದಿನದಿಂದ ಎಂದು ವಿಚಾರಿಸಿದಳು. ಒಂದು ವಾರ ಎಂದೆ.

ನಾಲ್ಕು ದಿನ ಬಿಟ್ಟು ಪೆಟ್ಟಿಗೆ ಮನೆಗೆ ಬಂತು. ಸ್ವಿಚ್ಚು ಹಾಕಿದರೆ ಅಕ್ಷರಗಳು ಅಂಗಡಿ ಬೋರ್ಡಿನ ಗಾತ್ರ. ಅವ್ವನ ಮುಖ ತೇಪೆ ಹಾಕಿದ ಕೌದಿಯ ಹಾಗೆ. ಮತ್ತೆ ಕಂಬಳಿ, ಮತ್ತೆ ಬಸ್ಸು. ಪರದೆಗೆ ಬಣ್ಣ ಹೇಳಿಕೊಡುವ ಒಂದು ಸೀಡಿ ಹಾಕುವುದು ಮರೆತಿತ್ತೆಂದು ಪಳನಿಸ್ವಾಮಿ ಹಲ್ಲು ಕಿರಿದು, ಹಾಕಿಕೊಟ್ಟ. ಅವನ ಅಂಗಡಿಯ ಮಾನಿಟರಿನಲ್ಲಿ ಅವ್ವ ಲಕ್ಷಣವಾಗಿದ್ದಳು. ಮನೆಗೆ ತಂದು ಜೋಡಿಸಿದೆ. ತೇಪೆ ಹೋಗಿತ್ತು, ಅಕ್ಷರ ಅಳತೆಗೆ ಬಂದಿತ್ತು. ಅವ್ವನ ಎಡಗೆನ್ನೆ ಮಾತ್ರ ಹಾಗಲಕಾಯಿಯ ಹಸಿರು.

ಮೇಷ್ಟರಾದವನಿಗೆ ಗೊತ್ತಿಲ್ಲ ಎನ್ನುವುದು ಗೊತ್ತಿಲ್ಲ. ಇದೂ ಸಾಫ್ಟ್‌ವೇರಿನದೇ ಕಿತಾಪತಿ ಎಂದು ತೀರ್ಮಾನಿಸಿದೆ. ಕಾಣುವ ಗುಂಡಿಯನ್ನೆಲ್ಲ ಒತ್ತಿದೆ. ಇಡೀ ಪರದೆ ಒಂದು ಸಲ ಕುಂಕುಮವಾಯಿತು, ಒಂದು ಸಲ ಬೂದಿಯಾಯಿತು, ಹಸಿರು ಅಲ್ಲೇ ಇತ್ತು. ಅಪ್ಪ ಮೂರು ದಿನ ಲೋಟ ಹಿಡಿದು ಬಂದು ನೋಡಿದ. ನಾಲ್ಕನೆಯ ದಿನ ಬರಲಿಲ್ಲ. ಜಗಲಿಯಲ್ಲಿ ಬೀದಿಗೆ ಮುಖ ಮಾಡಿ ಕೂತಿದ್ದ, ಕಾಫಿ ಆರಿಹೋಗಿತ್ತು.

“ಬದುಕಿದ್ದಾಗ ಒಂದ್ ದಿನ ಕಾಯ್ಲೆ ಅಂತ ಮಲಗ್ದೋಳಲ್ಲ ಅವ್ಳು,” ಎಂದ, ನನ್ನ ಕಡೆ ತಿರುಗದೆ. “ಸತ್ ಮೇಲೆ ನೀನು ತರ್ಸುಬುಟ್ಟೆ ಕಣ್ಲಾ. ಇರೋದೊಂದ್ ಮಕ, ಅದ್ನೂ ಕೆಡ್ಸುಬುಟ್ಟೆ.”

ನನಗೆ ಬಂದ ಬೈಗುಳ ಬಹಳ ಇವೆ. ಹೆಡ್‌ಮಾಸ್ಟರರು ಎರಡು ಭಾಷೆಯಲ್ಲಿ ಬೈದಿದ್ದಾರೆ. ಇಷ್ಟು ಮೆಲ್ಲಗೆ ಯಾರೂ ಬೈದಿರಲಿಲ್ಲ. ಮೂರನೆಯ ಸಲ ಕಂಬಳಿ ಸುತ್ತಿದೆ. ಪಳನಿಸ್ವಾಮಿ ತನ್ನ ಪರದೆಯ ಮೇಲೆ ಅವ್ವನನ್ನು ತೋರಿಸಿ, “ಪಾರುಂಗ ಸಾರ್, ನೋಡಿ, ಅಮ್ಮ ಚೆನ್ನಾಗೇ ಅವ್ರಲ್ಲ,” ಎಂದ. ಮಾನಿಟರನ್ನೊಮ್ಮೆ ತಂದು ತೋರಿಸಿ ಎಂದೂ ಕೇಳಿಕೊಂಡ. ಡಾಕ್ಟರ ಮುಂದೆ ಮಾತ್ರ ನೆಟ್ಟಗಿರುವ ರೋಗಿಗಳ ವಿಷಯ ಅವನಿಗೆ ವಿವರಿಸಿ, ಸಾಫ್ಟ್‌ವೇರನ್ನು ಮತ್ತೊಮ್ಮೆ ಅಳಿಸಿ ಹಾಕಿಸಿಕೊಂಡು ಬಂದೆ. ಕೆನ್ನೆ ಹಸಿರಾಗಿಯೇ ಇತ್ತು.

ಮಾರನೆಯ ಬೆಳಿಗ್ಗೆ ಮಾದೇವಿ ಮೇಜು ಒರೆಸುತ್ತಿದ್ದವಳು ನನ್ನನ್ನು ಒಳಗೆ ಕರೆದಳು. ದನಿ ತಗ್ಗಿಸಿ, “ಇಲ್ ನೋಡಿ, ಇದು ಓದ ಕಡೆಗೆ ಅದೂ ಓಯ್ತದೆ,” ಎಂದಳು. ಅವಳ ಕೈಯಲ್ಲಿ ಅಪ್ಪನ ರೇಡಿಯೋ. ಚರ್ಮದ ಚೀಲದ, ಬೋಗುಣಿಯಷ್ಟಗಲ ಸ್ಪೀಕರಿನ ಹಳೆಯ ರೇಡಿಯೋ. ಅದನ್ನು ಪರದೆಯ ಮುಂದೆ ಆಡಿಸಿದಳು. ಹಸಿರು ಕೆನ್ನೆಯಿಂದ ಹಣೆಗೆ ಹೋಯಿತು, ಹಣೆಯಿಂದ ತುರುಬಿಗೆ, ತುರುಬಿನಿಂದ ಮತ್ತೆ ಕೆನ್ನೆಗೆ. ಸ್ಪೀಕರಿನೊಳಗೆ ಅಯಸ್ಕಾಂತ ಇರುತ್ತದೆ, ಅದು ಇಂಥ ಪರದೆಯ ಬಣ್ಣ ಎಳೆಯುತ್ತದೆ ಎಂಬುದು ನನ್ನ ಶಾಲೆಯ ವಿಜ್ಞಾನದ ಮೇಷ್ಟರಿಗೆ ಗೊತ್ತಿತ್ತಂತೆ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಪೆಟ್ಟಿಗೆ ಮೊದಲ ಸಲ ರಿಪೇರಿಯಾಗಿ ಬಂದ ದಿನದಿಂದ ಆ ರೇಡಿಯೋ ಮಾನಿಟರಿಗೆ ಆತುಕೊಂಡೇ ಇತ್ತು; ಮೊದಲ ಸಲ ತೇಪೆಗಳ ನಡುವೆ ಹಸಿರು ಎದ್ದು ಕಂಡಿರಲಿಲ್ಲ, ಅಷ್ಟೆ. ನನ್ನ ಮೊಣಕೈ ದಿನಾ ಅದಕ್ಕೆ ತಾಗುತ್ತಿತ್ತು.

ಅಪರಾಧಿ ಸಿಕ್ಕಿದ ಹುರುಪಿನಲ್ಲಿ ಜಗಲಿಗೆ ಬಂದೆ. ಅಯಸ್ಕಾಂತದ ಮೇಲೆ ಸಣ್ಣದೊಂದು ಭಾಷಣವೂ ನಾಲಗೆಯ ಮೇಲೆ ಸಿದ್ಧವಾಗಿತ್ತು. ಪೀಠಿಕೆಯಾಗಿ, ರೇಡಿಯೋ ಯಾಕೆ ಅಲ್ಲಿಟ್ಟೆ ಎಂದು ಕೇಳಿದೆ.

“ನಾಕ್ ದಿನ ಮನೆ ಬುಟ್ಟು ಓಗಿದ್ಳಲ್ಲ,” ಎಂದ ಅಪ್ಪ. “ಬೆಳಗಿನ ಆಡು ಒಂದೂ ಕೇಳಿರ್ನಿಲ್ಲ. ಅದ್ಕೇ ಅತ್ರ ಮಡುಗ್ದೆ ಕಣ್ಲಾ. ಅವ್ಳಿಗೆ ಬಲಗಿವಿ ಮಂದ. ಎಡಗಿವಿ ಕಡೆ ಮಡುಗ್ದೆ.”

ಮುಂಜಾನೆ ಒಲೆಯ ಮುಂದೆ ಅವ್ವ, ಹೊಸ್ತಿಲಲ್ಲಿ ಅಪ್ಪ, ನಡುವೆ ಮೈಸೂರು ಕಡೆಯಿಂದ ಬೆಟ್ಟ ದಾಟಿ ಬರುವ ಹಾಡು. ನಲವತ್ತು ವರ್ಷ ಹಾಗೇ ನಡೆದದ್ದು. ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಎಡಗಿವಿಯನ್ನು ಈಚೆ ಕೊಡುತ್ತಿದ್ದಳು. ರೊಟ್ಟಿ ಸೀಯುತ್ತಿತ್ತು, ಸೀದದ್ದು ನನ್ನ ತಟ್ಟೆಗೆ ಬೀಳುತ್ತಿತ್ತು. ಆ ಕಾಲದಲ್ಲಿ ನನಗೆ ಹಾಡುಗಳ ಮೇಲೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ.

ಭಾಷಣ ನುಂಗಿಕೊಂಡೆ. ತಪ್ಪೆಲ್ಲ ನನ್ನ ಸಾಫ್ಟ್‌ವೇರಿನದು, ಈಗ ಸರಿಮಾಡುತ್ತೇನೆ ಎಂದೆ. ಕಿಟಕಿಯಲ್ಲಿ ಸ್ಟೇಷನ್ನು ಚೆನ್ನಾಗಿ ಹಿಡಿಯುತ್ತದೆ, ರೇಡಿಯೋ ಅಲ್ಲಿರಲಿ ಎಂದೂ ಸೇರಿಸಿದೆ.

“ಅಲ್ಲೀಗಂಟ ಅವ್ಳಿಗೆ ಕೇಳ್ತದಾ?”

“ದನಿ ವಸಿ ಜಾಸ್ತಿ ಮಾಡಿದ್ರಾಯ್ತು ಕಣಪ್ಪ.”

ಅಪ್ಪ ಯೋಚಿಸಿ, ಆಗಲಿ ಎಂದ. ಅವತ್ತಿನಿಂದ ಆ ರೇಡಿಯೋದ ದನಿಗೆ ಪಕ್ಕದ ಬೀದಿಯವರೂ ಏಳುತ್ತಿದ್ದರು. ಮಾನಿಟರನ್ನು ಎರಡು ಮೂರು ಸಲ ಆರಿಸಿ ಹಾಕಿದ ಮೇಲೆ ಕೆನ್ನೆಯ ಹಸಿರು ಇಳಿಯಿತು, ಅಪ್ಪ ಲೋಟ ಹಿಡಿದು ಬಂದು ಕೂತ. ಮಗ ಕೈಯಾಡಿಸಿ ಅವ್ವನ ಮುಖ ಕೆಡಿಸಿದ್ದನ್ನೂ ಸೊಸೆ ಮೇಜು ಒರೆಸಿದ ದಿನವೇ ಅದು ಸರಿಹೋದದ್ದನ್ನೂ ಗೆಟ್ಟವಾಡಿ ಊರಿನವರೆಗೂ ಹೇಳಿಕೊಂಡು ಬಂದ. ಅಲ್ಲಿಂದ ಮುಂದೆ ಆ ಕಂಪ್ಯೂಟರನ್ನು ಮುಟ್ಟಲು ನನಗೆ ಅನುಮತಿ ಇರಲಿಲ್ಲ. ಅದು ಆರು ವರ್ಷ ಕೆಡದೆ ನಡೆಯಿತು.