ದಾನವ್ವನ ಮಣಕಾಲು

ಲೋಕಲ್ ಟ್ರೇನಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಶ್ರೀಶೈಲನಿಗೆ ಏನೂ ಆಗುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಊರಿನಿಂದ ತಾಯಿಯ ಫೋನು ಬಂತು. ತಾಯಿಯ ಫೋನು ಬಂದರೆ ಎತ್ತಿ "ಹಾಂ ಯವ್ವಾ, ಹೇಳ" ಎನ್ನದಿರುವ ಗಂಡುಮಗ ವಿಜಯಪುರ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

"ಸೊಲ್ಲಾಪುರ ಮುಟ್ಟಿದೇನೋ? ಟ್ರೇನಿಂಗ್ ಸುರು ಆತೇನು?"

"ಮುಟ್ಟೀನಿ ಯವ್ವಾ. ಇನ್ನೇನ್ ಸುರು ಆಗತದ."

"ಅದೇನೋ ಅಷ್ಟು ಗದ್ದಲಾ?"

"ಕ್ಲಾಸಿನ್ಯಾಗ ಮಂದಿ ಭಾಳ ಅದಾರ."

"ಮುಂಬೈದಾಗ ನಿಮ್ಮ ಚಿಗವ್ವ ಹಾಸಿಗಿ ಹಿಡದಾಳಂತೋ. ಶಾವಿಗಿ ಹೊಸ್ಯಾಕ ಬಾ ಅಂತ ಫೋನ್ ಮಾಡಿದ್ರ, ಮಣಕಾಲು ಹಿಡಕೊಂಡಾವ, ಎದ್ದು ನಿಂದ್ರಾಕೂ ಆಗವಲ್ದು ಅಂದ್ಲು. ಪಾಪ, ದನೀನೂ ಹೊಂಡವಲ್ದು ಆಕೀದು."

ಶ್ರೀಶೈಲನಿಗೆ ಪಾಪ ಅನ್ನಿಸಿತು, ನಿರಾಳವೂ ಆಯಿತು. ಯಾವುದು ಮೊದಲು ಆಯಿತು ಎಂದು ಮಾತ್ರ ಕೇಳಬಾರದು.

ಅವನ ಕಷ್ಟ ಬಲ್ಲವರು ಅವನನ್ನು ಬೈಯಲಾರರು. ಊರಿನ ಮನೆಯಲ್ಲಿ ಹದಿನಾಲ್ಕು ಜನ. ಬಚ್ಚಲಿಗೆ ಹೋಗಿ ಚಿಲಕ ಹಾಕಿದರೂ ಹೊರಗಿನಿಂದ ಯಾರಾದರೊಬ್ಬರು "ಯಾರದು ಒಳಗ?" ಎಂದು ಬಾಗಿಲು ಬಡಿಯುತ್ತಾರೆ. ಸಹಕಾರಿ ಸಂಘದ ಕಚೇರಿಯಲ್ಲೂ ಒಂದೇ ಮೇಜಿಗೆ ನಾಲ್ಕು ಮಂದಿ. ಇಪ್ಪತ್ತೊಂಬತ್ತು ವರ್ಷದ ಬ್ರಹ್ಮಚಾರಿಗೆ ಇದ್ದದ್ದು ಒಂದೇ ಆಸೆ. ಸಮುದ್ರದ ದಂಡೆಯ ಮೇಲೆ ಒಂದು ಸಂಜೆ ಒಬ್ಬನೇ ಕೂತುಕೊಳ್ಳಬೇಕು, "ಏನ್ ಮಾಡಾಕತ್ತೀ?" ಎಂದು ಯಾರೂ ಕೇಳಬಾರದು. ಅದಕ್ಕೇ ಶನಿವಾರ ರವಿವಾರ ಸೊಲ್ಲಾಪುರದಲ್ಲಿ ಟ್ರೇನಿಂಗ್ ಎಂದು ಸುಳ್ಳು ಹೇಳಿ, ಬೆಳಗ್ಗೆ ಮುಂಬೈಯ ದಾದರಿನಲ್ಲಿ ಇಳಿದಿದ್ದ. ಇದ್ದ ಹೆದರಿಕೆಯೂ ಒಂದೇ: ಸಯನ್‌ನಲ್ಲಿರುವ ದಾನವ್ವ ಚಿಗವ್ವ. ಅವಳ ಕೈಗೆ ಸಿಕ್ಕ ಅಕ್ಕನ ಮಗ ಎಂಟು ರೊಟ್ಟಿ ತಿಂದು, ಫ್ಯಾನು ಒರೆಸಿ, ಅಟ್ಟದ ಡಬ್ಬಿ ಇಳಿಸಿ ಕೊಡದ ಹೊರತು ಹೊರಬಿದ್ದ ಇತಿಹಾಸವಿಲ್ಲ. ಆ ಚಿಗವ್ವ ಈಗ ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ. ಮುಂಬೈ ಪೂರ್ತಿ ತನ್ನದೇ ಅನ್ನಿಸಿತು ಅವನಿಗೆ.

"ಸೊಲ್ಲಾಪುರದ ಕ್ಲಾಸು ಈ ಡಬ್ಬಿಯಾಗ ನಡೀತದೇನು?"

ಪಕ್ಕದಲ್ಲಿ ನಿಂತಿದ್ದ ದಪ್ಪ ಮೀಸೆಯವರೊಬ್ಬರು, ಎರಡು ಕೈಯಲ್ಲೂ ಹೂವಿನ ಚೀಲ ಹಿಡಿದುಕೊಂಡು, ಸ್ವಂತ ತಮ್ಮನನ್ನು ಕಂಡವರಂತೆ ನಗುತ್ತಿದ್ದರು.

"ಯವ್ವಗ ಸುಳ್ಳು ಹೇಳಿ ಬಂದಿ ಅಂದ್ರ ಹುಡಿಗಿ ವಿಷಯ ಇರಬೇಕು."

"ಇಲ್ಲರೀ," ಶ್ರೀಶೈಲ ಕಿವಿತನಕ ಕೆಂಪಾದ. "ಸಮುದ್ರದ ವಿಷಯ. ನೋಡಬೇಕಂತ ಬಂದೀನಿ."

"ಮತ್ತ ಈ ಗಾಡಿ ಯಾಕ ಹತ್ತಿದಿ? ಇದು ಕಲ್ಯಾಣಕ್ಕ ಹೊಂಟದ. ಸಮುದ್ರ ನಿನ್ನ ಬೆನ್ನ ಹಿಂದ ಉಳೀತು!"

ದಾದರಿನಲ್ಲಿ ಶ್ರೀಶೈಲ ಗಾಡಿ ಹತ್ತಿರಲಿಲ್ಲ, ಮಂದಿ ಅವನನ್ನು ಹತ್ತಿಸಿದ್ದರು. ಅದನ್ನು ವಿವರಿಸುವಷ್ಟರಲ್ಲಿ ಮೀಸೆಯವರು ತಮ್ಮ ಪರಿಚಯ ಮುಗಿಸಿದ್ದರು. ಹೆಸರು ಶಶಿಕಾಂತ, ಊರು ಬೆಳಗಾವಿ, ಮುಂಬೈಗೆ ಬಂದು ಮೂವತ್ತು ವರ್ಷ, ಮನೆ ಘಾಟ್ಕೋಪರ್, ಇವತ್ತು ಮಗಳು ಮಾಧುರಿಯ ಕುಬಸ, ಅಂದರೆ ಸೀಮಂತ. ಆಮೇಲೆ ಬಂತು ನೋಡಿ ನಮ್ಮ ಕಡೆಯವರ ಬ್ರಹ್ಮಾಸ್ತ್ರ.

"ನಿಂದು ಯಾವ ಊರಾತಪಾ? ಯಾರ ಪೈಕಿ?"

ಇದು ಬರಿ ಕುಶಲಪ್ರಶ್ನೆಯಲ್ಲ. ಊರು ಹೇಳಿದರೆ ಮನೆತನ ಕೇಳುತ್ತಾರೆ, ಮನೆತನ ಹೇಳಿದರೆ ಬೀಗರು ಯಾರು ಎನ್ನುತ್ತಾರೆ. ನಾಲ್ಕನೆಯ ಪ್ರಶ್ನೆಗೆ ಹೋಗುವ ಮೊದಲೇ ಸಂಬಂಧ ಹೊರಬಿದ್ದು, ಸುದ್ದಿ ಸಯನ್‌ಗೆ ಮುಟ್ಟಿರುತ್ತದೆ. ಶ್ರೀಶೈಲ ಇದನ್ನು ಬಲ್ಲವನು. ಬಾಯಿಗೆ ಬಂದ ಒಂದು ಹೆಸರು, ತಾನು ಎಂದೂ ಕಾಲಿಡದ ಒಂದು ಊರು ಹೇಳಿಬಿಟ್ಟ.

"ಅನಿಲಕುಮಾರ ಅಂತರೀ. ಇಳಕಲ್ಲು."

ಶಶಿಕಾಂತರ ಮೀಸೆ ಎದ್ದು ನಿಂತಿತು. "ಇಳಕಲ್ಲಾ! ದೇವರು ಕಳಿಸಿದಂಗ ಬಂದಿ ನೋಡು ತಮ್ಮಾ. ನಡಿ, ಇಳಿ, ಘಾಟ್ಕೋಪರ್ ಬಂತು."

"ಇಲ್ಲರೀ ಕಾಕಾ, ನನಗ ಸಮುದ್ರ..."

"ಸಮುದ್ರ ಎಲ್ಲಿ ಓಡಿಹೋಗತದ? ಕುಬಸದ ಊಟಾ ಬಿಟ್ಟು ಹೋಗಬಾರದು, ಬಸರಿ ಹೆಂಗಸಿನ ಶಾಪ ತಟ್ಟತದ."

ಅಂಥ ಶಾಪದ ಬಗ್ಗೆ ಶ್ರೀಶೈಲ ಕೇಳಿರಲಿಲ್ಲ. ಆದರೆ ಎರಡು ಹೂವಿನ ಚೀಲ ಆಗಲೇ ಅವನ ಕೈಗೆ ಬಂದಿದ್ದವು, ಹಿಂದಿನ ಮಂದಿ ಅವನನ್ನು ಪ್ಲಾಟ್‌ಫಾರ್ಮಿಗೆ ಇಳಿಸಿಯೂ ಆಗಿತ್ತು.

ಶಶಿಕಾಂತರ ಬಿಲ್ಡಿಂಗಿನ ಎರಡನೆಯ ಮಹಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಧ್ಯದ ಕುರ್ಚಿಯಲ್ಲಿ ಹಸಿರು ಬಳೆ ತೊಟ್ಟ ಮಾಧುರಿ ಬೆವರುತ್ತ ಕೂತಿದ್ದಳು. ಅವಳ ಮುಂದೆ ಎರಡು ಇಳಕಲ್ ಸೀರೆ, ಒಂದು ತವರಿನದು, ಇನ್ನೊಂದು ಅತ್ತೆ ಸೇವಂತಿಬಾಯಿ ತಂದದ್ದು. ಆರತಿಗೆ ಕೈಮಗ್ಗದ್ದನ್ನೇ ಉಡಿಸಬೇಕೆಂದು ಎಲ್ಲರೂ ಒಪ್ಪಿದ್ದರು. ಕೈಮಗ್ಗದ್ದು ಯಾವುದು ಎಂಬಲ್ಲಿ ಬೀಗರು ಬೀಗರಾಗಿ ಉಳಿದಿರಲಿಲ್ಲ.

"ಇಳಕಲ್ಲಿನಾವರು ಬಂದಾರ!" ಶಶಿಕಾಂತರು ಬಾಗಿಲಿನಿಂದಲೇ ಕೂಗಿದರು. "ಮನ್ಯಾಗ ಮಗ್ಗಾ ಅದ ಇವರದು!"

ಮಗ್ಗದ ಮಾತು ಶ್ರೀಶೈಲ ಆಡಿರಲಿಲ್ಲ. ಲಿಫ್ಟಿಗೆ ಕಾಯುವಾಗ ಶಶಿಕಾಂತರೇ "ಮಗ್ಗ ಇರಬೇಕಲ್ಲಾ?" ಎಂದು ಕೇಳಿದ್ದರು, ಇವನು ಸುಮ್ಮನೆ ತಲೆಯಾಡಿಸಿದ್ದ.

"ನೋಡಿ ಹೇಳ್ರಿ," ಎಂದರು ಸೇವಂತಿಬಾಯಿ. ದನಿಯಲ್ಲಿ ಬೆಲ್ಲವಿತ್ತು, ಕಣ್ಣಲ್ಲಿ ಇರಲಿಲ್ಲ.

ಅತ್ತ ದರಿ, ಇತ್ತ ಪುಲಿ. "ಎರಡೂ ಛಲೋ ಅದಾವರೀ," ಎಂದ ಶ್ರೀಶೈಲ.

"ಛಲೋ ಅದಾವ ಅನ್ನಾಕ ನಾವೂ ಬಲ್ಲೆವು. ಅಸಲಿ ಯಾವುದು?"

"ಭೈಯಾ, ಜಲ್ದಿ ಹೇಳ್ರಿ ನಾ," ಮಾಧುರಿ ಗೋಗರೆದಳು. "ಇವರದು ಸೀರಿ ಫೈನಲ್ ಆಗೂದರಾಗ ನನ್ನ ಡಿಲೆವರಿ ಆಗತದ."

ಶ್ರೀಶೈಲ ಎರಡೂ ಸೀರೆಗಳನ್ನು ಎತ್ತಿ ಮೂಸಿ ನೋಡಿದ. ಬೆಳಕಿಗೆ ಹಿಡಿದ. ಹಿತ್ತಲಿನ ಹೀರೇಕಾಯಿಯನ್ನು ಒತ್ತಿ ನೋಡುವಂತೆ ಸೆರಗನ್ನು ಒತ್ತಿ ನೋಡಿದ. ಕೊನೆಗೆ ಕಣ್ಣು ಮುಚ್ಚಿ ಒಂದರ ಮೇಲೆ ಬೆರಳಿಟ್ಟು, "ಇದು ಮಶೀನಿಂದು," ಎಂದ.

ಅದು ಸೇವಂತಿಬಾಯಿಯದು. ಮನೆಯಲ್ಲಿ ಫ್ಯಾನಿನ ಸದ್ದು ಮಾತ್ರ ಕೇಳುವಷ್ಟು ಮೌನವಾಯಿತು. ಆಮೇಲೆ ಫ್ಯಾನಿನ ಸದ್ದೂ ಕೇಳದಷ್ಟು ಗದ್ದಲವಾಯಿತು.

"ಇಂವ ಯಾವ ಓಣಿಯಾಂವ ಕೇಳ್ರಿ! ಇವನ ಅಪ್ಪನ ಹೆಸರು ಕೇಳ್ರಿ!" ಸೇವಂತಿಬಾಯಿ ಎದ್ದು ನಿಂತರು. "ಅಡಗಿಮನ್ಯಾಗ ಆರತಿ ತಯಾರ ಮಾಡಾಕತ್ತಾರಲ್ಲ, ನಮ್ಮ ಮಂಡಳದ ಅಧ್ಯಕ್ಷರು, ಅವರನ್ನ ಕರೀರಿ. ಸೀರಿ ಅಂದ್ರ ಅವರಿಗೆ ಗೊತ್ತು!"

ಅಡುಗೆಮನೆಯ ಪರದೆ ಸರಿಯಿತು. ಎರಡು ಕೈಯಲ್ಲಿ ಭಾರದ ಹಿತ್ತಾಳೆ ತಾಟು ಹಿಡಿದು, ನೆಲದ ಮೇಲಿನ ಮೂರು ಮಕ್ಕಳನ್ನು ಒಂದೇ ಹೆಜ್ಜೆಯಲ್ಲಿ ದಾಟಿ, ಮಹಿಳಾ ಮಂಡಳದ ಅಧ್ಯಕ್ಷರು ಹೊರಗೆ ಬಂದರು. ಸಯನ್‌ನ ದಾನವ್ವ.

ಮಣಕಾಲು ಎರಡೂ ಗಟ್ಟಿಮುಟ್ಟಾಗಿದ್ದವು.

ಶ್ರೀಶೈಲನ ಕೈಯಿಂದ ಸೀರೆ ಜಾರಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸೊಲ್ಲಾಪುರದಲ್ಲಿರಬೇಕಾದವನು ಇಲ್ಲಿದ್ದಾನೆ, ಹಾಸಿಗೆಯಲ್ಲಿರಬೇಕಾದವಳೂ ಇಲ್ಲಿದ್ದಾಳೆ. ಮೊದಲು ಚೇತರಿಸಿಕೊಂಡವಳು ದಾನವ್ವ.

"ಯಾವ ಊರಪಾ ತಮ್ಮಾ ನಿಂದು?"

"ಇಳಕಲ್ಲರೀ ಬಾಯಾರ."

"ಹೆಸರು?"

"ಅನಿಲಕುಮಾರರೀ."

"ಚಂದ ಅದ. ನಿಮ್ಮವ್ವ ಇಟ್ಟದ್ದೇನು, ನೀನs ಇಟಗೊಂಡಿದ್ದೇನು?"

"ಅವ್ವ ಇಟ್ಟದ್ದರೀ," ಎಂದ ಶ್ರೀಶೈಲ. ಆಮೇಲೆ ಎಲ್ಲಿಂದಲೋ ಧೈರ್ಯ ಬಂತು. "ನಿಮ್ಮ ಮಣಕಾಲು ಈಗ ಹೆಂಗದಾವರೀ?"

"ನಮ್ಮ ಬಾಯಾರ ಮಣಕಾಲಿಗೇನಾಗೇದ?" ಎಂದರು ಶಶಿಕಾಂತರು. "ನಿನ್ನೆ ಲಿಫ್ಟ್ ಕೆಟ್ಟಿತ್ತು, ಹೂರಣದ ಡಬ್ಬಿ ಹೊತಗೊಂಡು ಮ್ಯಾಲ ಬಂದಾರ!"

ದಾನವ್ವ ತಾಟನ್ನು ಕೆಳಗಿಟ್ಟು, ಎರಡೂ ಸೀರೆಯ ಸೆರಗು ತಿರುವಿ, ಅದು ಒಡಲಿಗೆ ಕೂಡುವ ಕೊಂಡಿ ನೋಡಿದಳು. "ಎರಡೂ ಕೈಮಗ್ಗದ್ದs ಅದಾವ. ತವರಿಂದು ಆರತಿಗೆ ಉಡಿಸ್ರಿ, ಅತ್ತೀದು ಊಟಕ್ಕ ಉಡಿಸ್ರಿ. ಈ ಹುಡಗ ಹಸದಾನ, ಹಸದಾಗ ಕಣ್ಣು ಮಂಜಾಗತಾವ. ಬಾರಪಾ ಇತ್ತಾಗ, ಎಲಿ ಎಣಿಸಿ ಕೊಡು."

ಅವನ ರಟ್ಟೆ ಹಿಡಿದು ಜಿನೆಯ ಮೆಟ್ಟಿಲ ಕಡೆಗೆ ಎಳೆದೊಯ್ದಳು. ಅಲ್ಲಿ ಇಬ್ಬರೂ ಏಕಕಾಲಕ್ಕೆ, "ಅವ್ವಗ ಹೇಳಬ್ಯಾಡ," "ಅಕ್ಕಗ ಹೇಳಬ್ಯಾಡ," ಎಂದರು.

"ವರ್ಷಾ ಶಾವಿಗಿ ಹೊಸದು ಹೊಸದು ನನ್ನ ರಟ್ಟಿ ಬಿದ್ದು ಹೋಗ್ಯಾವಲೇ ಶ್ರೀಶೈಲಾ," ದಾನವ್ವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಒಂದು ವರ್ಷರೆ ಇಲ್ಲೇ ಆರಾಮ ಇರಬೇಕನಸ್ತು. ಅದಕ್ಕ ಮಣಕಾಲಿನ ಮ್ಯಾಲ ಹಾಕಿದೆ. ನಿಂದೇನು?"

ಶ್ರೀಶೈಲ ಸಮುದ್ರದ ಮಾತು ಹೇಳಿದ. ದಾನವ್ವ ನಗಲಿಲ್ಲ. ಅವನ ತಲೆ ಸವರಿ, "ಹೋಗಿ ನೋಡು. ನಾ ನಿನ್ನ ಕಂಡಿಲ್ಲ, ನೀ ನನ್ನ ಕಂಡಿಲ್ಲ," ಎಂದಳು. ಚಿಗವ್ವನನ್ನು ಇಷ್ಟು ವರ್ಷ ತಪ್ಪು ತಿಳಿದಿದ್ದೆನಲ್ಲ ಎಂದು ಶ್ರೀಶೈಲನ ಹೃದಯ ತುಂಬಿ ಬಂತು.

ಆಗ ಮತ್ತೆ ಫೋನು. ತಾಯಿ.

"ಶ್ರೀಶೈಲಾ, ನನ್ನ ಜೀವಾ ತಡೀವಲ್ದೋ. ದಾನವ್ವ ಒಬ್ಬಾಕೀನs ಅದಾಳ, ಒಂದ ಗುಟಕು ನೀರು ಕೊಡಾವರಿಲ್ಲ. ನೀ ಸೊಲ್ಲಾಪುರದಾಗ ಅದಿ, ಅರ್ಧಾ ದಾರಿ ಮುಗದಂಗಾತು. ಟ್ರೇನಿಂಗ್ ಸುಡ್ಲಿ, ಈಗಿಂದೀಗ ಮುಂಬೈ ಗಾಡಿ ಹತ್ತು. ನಾಳಿ ಪೂರ್ತಿ ಆಕಿ ಹತ್ರ ಇರು. ಇಲ್ಲಂದ್ರ ಹೇಳು, ರೊಟ್ಟಿ ಗಂಟು ಕಟಗೊಂಡು ನಾವs ಎಲ್ಲಾರೂ ಬರ್ತೀವಿ."

ಹದಿಮೂರು ಜನ ಸಯನ್‌ನ ಒಂದೂವರೆ ಕೋಣೆಯಲ್ಲಿ ರೊಟ್ಟಿ ಗಂಟು ಬಿಚ್ಚುವ ಚಿತ್ರ ಇಬ್ಬರ ಕಣ್ಣಿಗೂ ಒಟ್ಟಿಗೇ ಕಟ್ಟಿತು. ದಾನವ್ವ ಎರಡೂ ಕೈ ಜೋಡಿಸಿ, "ಹೂಂ ಅನ್ನು, ಹೂಂ ಅನ್ನು," ಎಂದು ತುಟಿಯಲ್ಲೇ ಬೇಡಿಕೊಂಡಳು.

"ಹೂಂ ಯವ್ವಾ," ಎಂದ ಶ್ರೀಶೈಲ. "ಹೊಂಟೆ."

"ಮುಟ್ಟಿದ ಮ್ಯಾಲ ವಿಡಿಯೋ ಕಾಲ್ ಮಾಡು. ಆಕಿ ಮಾರಿ ನೋಡಬೇಕು ನಾ."

ಕುಬಸದ ಎಲೆ ಎತ್ತಿ, ಪಾತ್ರೆ ತೊಳೆದು ಇಬ್ಬರೂ ಹೊರಬೀಳುವಷ್ಟರಲ್ಲಿ ಶನಿವಾರ ರಾತ್ರಿಯಾಗಿತ್ತು. ರವಿವಾರ ಬೆಳಗ್ಗೆ ಸಯನ್‌ನ ಮನೆಯಲ್ಲಿ ದಾನವ್ವ ಹಾಸಿಗೆಯಲ್ಲಿ ಮಲಗಿ, ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು, ಅಕ್ಕನಿಗೆ ಮುಖ ತೋರಿಸಿದಳು. ಮಣಕಾಲು ನೋವಿಗೆ ಹಣೆಯ ಮೇಲೆ ಬಟ್ಟೆ ಯಾಕೆ ಎಂದು ಅಕ್ಕ ಕೇಳಲಿಲ್ಲ. ಕಣ್ಣೊರೆಸಿಕೊಂಡಳು, ಅಷ್ಟೇ.

ಕಾಲ್ ಮುಗಿದ ಕೂಡಲೇ ದಾನವ್ವ ಎದ್ದು ಹೊಸ ಸೀರೆ ಉಟ್ಟಳು.

"ಎಲ್ಲಿಗೆ ಚಿಗವ್ವಾ?"

"ಇವತ್ತು ನಮ್ಮ ಮಂಡಳದ ಟ್ರಿಪ್ ಅದ, ಜುಹೂಕ್ಕ. ಅಧ್ಯಕ್ಷಿನs ಬರಲಿಲ್ಲಂದ್ರ ಹೆಂಗ?"

"ನಾನೂ ಬರ್ತೀನಿ!"

"ಹುಚ್ಚ ಅದೀ ಏನು? ನಿಮ್ಮವ್ವ ತಾಸಿಗೊಮ್ಮೆ ವಿಡಿಯೋ ಹಚ್ಚತಾಳ. ಹಿಂದ ಸಮುದ್ರ ಕಾಣಿಸಿದ್ರ ಇಬ್ಬರ ಗತಿನೂ ಮುಗೀತು. ನೀ ಇಲ್ಲೇ ಇರಬೇಕು. ನಾನು ಮಲಗೀನಿ ಅಂತ ತೋರಸಬೇಕು." ಎರಡು ತಲೆದಿಂಬು ಹಾಸಿಗೆಯ ಉದ್ದಕ್ಕೆ ಇಟ್ಟು, ಮೇಲೆ ಚಾದರ ಹೊದಿಸಿದಳು. ದಿಂಬಿನ ದಾನವ್ವ ನಿಜವಾದ ದಾನವ್ವನಿಗಿಂತ ಸ್ವಲ್ಪ ತೆಳ್ಳಗಿದ್ದಳು. "ಬ್ಯಾನಿಯೊಳಗ ಸೊರಗ್ಯಾಳ ಅಂತ ಹೇಳು," ಎಂದು ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟಳು.

ಇಡೀ ದಿನ ಶ್ರೀಶೈಲ ದಿಂಬಿನ ಕಾಲು ಒತ್ತಿದ. "ಈಗ ಕಣ್ಣ ಹತ್ಯಾವ ಯವ್ವಾ." "ಗಂಜಿ ಕುಡದಾಳ ಯವ್ವಾ." "ಮುಸುಕು ತಗೀಬ್ಯಾಡ ಅಂದಾರ ಡಾಕ್ಟರು." ಪ್ರತಿ ಸಲ ಫೋನಿನ ಆಚೆ ಹದಿಮೂರು ಮುಖಗಳು ಒಂದರ ಮೇಲೊಂದು ಬಿದ್ದು ದಿಂಬನ್ನು ನೋಡಿ ಲೊಚಗುಟ್ಟುತ್ತಿದ್ದವು. ನಡುವೆ ದಾನವ್ವನಿಂದ ಫೋಟೋ ಬಂತು: ಮಣಕಾಲ ತನಕ ನೀರಿನಲ್ಲಿ ನಿಂತು, ಸೀರೆ ಎತ್ತಿ ಕಟ್ಟಿ, ಸೇವಂತಿಬಾಯಿಯ ಕೈ ಹಿಡಿದು ನಗುತ್ತಿದ್ದಳು. ಹಿಂದೆ ಸಮುದ್ರದ ಒಂದು ಚೂರು ಕಾಣುತ್ತಿತ್ತು. ಉಳಿದದ್ದನ್ನು ಮಹಿಳಾ ಮಂಡಳ ಮರೆಮಾಡಿತ್ತು.

ಸಂಜೆ ದಾನವ್ವ ಬಂದಳು. ಬಂದವಳೇ ದಿಂಬು ಸರಿಸಿ, ಅದರ ಜಾಗದಲ್ಲಿ ತಾನು ಮಲಗಿ, ಅಕ್ಕನ ಕೊನೆಯ ಕಾಲಿಗೆ ನರಳುತ್ತ ಹೇಳಿದಳು: "ಮಗಾ ಭಾಳ ಸೇವಾ ಮಾಡಿದ ಯಕ್ಕಾ. ಇವನ ಕೈಗುಣಕ್ಕ ನೋವು ಅರ್ಧಾ ಇಳೀತು."

"ಹಂಗೇನು!" ತಾಯಿಯ ಮುಖ ಅರಳಿತು. "ಹಂಗಾದ್ರ ಪೂರ್ತಿ ಇಳಿಯೂತನಕ ತಿಂಗಳಾ ಒಂದು ರವಿವಾರ ಕಳಸ್ತೀನಿ. ಶ್ರೀಶೈಲಾ, ದಿನಾ ಪೂರ್ತಿ ಒಬ್ಬನs ಕುಂತಿದ್ದಿ, ಬ್ಯಾಸರಾತೇನೋ ಮಗನ?"

ಒಂದಿಡೀ ದಿನ ತಾನು ಒಬ್ಬನೇ ಇದ್ದೆ ಎಂಬುದು ಶ್ರೀಶೈಲನಿಗೆ ಹೊಳೆದದ್ದು ಆಗಲೇ. "ಇಲ್ಲ ಯವ್ವಾ," ಎಂದು ಫೋನಿಟ್ಟ.

"ಶ್ರೀಶೈಲಾ," ಹಾಸಿಗೆಯಿಂದ ದಾನವ್ವ ಕೂಗಿದಳು. "ನನ್ನ ಚಪ್ಪಲಿಯಾಗಿನ ಉಸುಕು ಮನಿತುಂಬಾ ಬಿದ್ದದ ನೋಡು. ಊರಿಗೆ ಹೊಂಡೂ ಮೊದಲ ಒಂದೀಟು ಕಸಾ ಹೊಡದ ಹೋಗು. ಮತ್ತ ಅಟ್ಟದ ಮ್ಯಾಲಿನ ಡಬ್ಬಿ ಇಳಿಸೂದು ಮರೀಬ್ಯಾಡ."

ಶ್ರೀಶೈಲ ಕಸಬರಿಗೆ ತೆಗೆದುಕೊಂಡು ಬಗ್ಗಿದ. ಉಸುಕು ಇನ್ನೂ ಹಸಿಯಾಗಿತ್ತು. ಒಂದು ಚಿಟಿಕೆ ಎತ್ತಿ, ಚಿಗವ್ವ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದ.

"ಏನ್ ಮಾಡಾಕತ್ತೀ?" ಎಂದಳು ದಾನವ್ವ.